ಸೌತ್ ಲುವಾಂಗ್ವಾ ಲಾಡ್ಜ್: ಜೂನೋ, ಅಕ್ಟೋಬರೋ, ಫೆಬ್ರವರಿಯೋ?

ಕೆರೆಕೋಡಿ
ಜಾಂಬಿಯಾದ ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನಕ್ಕೆ ಆರು ರಾತ್ರಿ, ಮ್ಫುವೆ ಸುತ್ತಮುತ್ತಲಿನ ಯಾವುದಾದರೂ ಲಾಡ್ಜ್. ತಿಂಗಳು ಇನ್ನೂ ಗೊತ್ತು ಮಾಡಿಲ್ಲ. ಕೈಯಲ್ಲಿರುವುದು ಒಂದು ಫುಲ್‌ಫ್ರೇಮ್ ಕ್ಯಾಮೆರಾ ಬಾಡಿ, 200–600 ಮತ್ತು 24–105 ಲೆನ್ಸ್. ಕಬಿನಿ ಜೀಪಿನ ಅಭ್ಯಾಸ ಇದೆ. ಬೇಕಾದ್ದು ಚಿರತೆ ಮತ್ತು ಕಾರ್ಮೈನ್ ಕಳ್ಳಿಪೀರ, ಸಿಕ್ಕರೆ ಕಾಡುನಾಯಿ. ಎಲ್ಲಿ ನೋಡಿದರೂ 'ಜೂನ್‌ನಿಂದ ಅಕ್ಟೋಬರ್ ಬೆಸ್ಟ್' ಅಂತ ಒಂದೇ ಸಾಲು ಬರೆದಿರುತ್ತಾರೆ. ಐದು ತಿಂಗಳೂ ಒಂದೇ ಥರ ಇರುತ್ತಾ?

ಮೋಪಾನೆ
ಇರಲ್ಲ. ಜೂನ್ ಒಂದು ಕಾಡು, ಅಕ್ಟೋಬರ್ ಇನ್ನೊಂದು ಕಾಡು. ಅಲ್ಲಿ ಕ್ಯಾಲೆಂಡರ್ ಬರೆಯುವುದು ಲುವಾಂಗ್ವಾ ನದಿ. ಮಳೆ ನವೆಂಬರಿನಲ್ಲಿ ಶುರುವಾಗಿ ಏಪ್ರಿಲ್‌ವರೆಗೆ ಇರುತ್ತದೆ, ಆಮೇಲೆ ನೀರು ಇಳಿಯುತ್ತಲೇ ಹೋಗುತ್ತದೆ. ನದಿ ಪಾತ್ರ ಬದಲಿಸಿದಾಗಲೆಲ್ಲ ಬಿಟ್ಟುಹೋದ ಹಳೆಯ ತಿರುವುಗಳು ಬಿಲ್ಲಿನಾಕಾರದ ಮಡುಗಳಾಗಿ ಉಳಿದಿವೆ, ಅವಕ್ಕೆ ಲಗೂನ್ ಅಂತಾರೆ. ಯಾವ ತಿಂಗಳಲ್ಲಿ ಯಾವ ಲಗೂನ್‌ನಲ್ಲಿ ಎಷ್ಟು ನೀರು ಉಳಿದಿದೆ ಅನ್ನುವುದರ ಮೇಲೆ ಪ್ರಾಣಿಗಳು ಎಲ್ಲಿವೆ ಅಂತ ಗೊತ್ತಾಗುತ್ತದೆ.

ಜೂನ್, ಜುಲೈನಲ್ಲಿ ಒಳಗಾಡಿನ ಗುಂಡಿಗಳಲ್ಲೂ ನೀರಿರುತ್ತದೆ, ಹಾಗಾಗಿ ಪ್ರಾಣಿ ಚದುರಿರುತ್ತವೆ. ಹುಲ್ಲು ಇನ್ನೂ ಪೂರ್ತಿ ತಗ್ಗಿರುವುದಿಲ್ಲ. ಆದರೆ ಗಾಳಿ ಸ್ವಚ್ಛ, ಬೆಳಕು ಮೃದು, ಬೆಳಗ್ಗೆ 10 ಡಿಗ್ರಿ ಆಸುಪಾಸಿನ ಚಳಿ. ತೆರೆದ ಜೀಪಿನಲ್ಲಿ ಅದು ಇನ್ನೂ ಕೊರೆಯುತ್ತದೆ, ಕೈಗವಸು ಬೇಕೇ ಬೇಕು.

ಆಗಸ್ಟ್‌ನಿಂದ ನದಿಯ ಜೊತೆ ಮರಗಳನ್ನೂ ನೋಡಬೇಕು. ಕೈಜೀಲಿಯಾ, ಅಂದರೆ ಬೆಂಗಳೂರಿನ ಉದ್ಯಾನಗಳಲ್ಲೂ ನೆಟ್ಟಿರುವ, ಉದ್ದುದ್ದ ಸೌತೆಯಂಥ ಕಾಯಿ ಬಿಡುವ ಸಾಸೇಜ್ ಮರ, ಆಗ ಹೂ ಬಿಡುತ್ತದೆ. ಕಡುಗೆಂಪಿನ ದಪ್ಪ ಹೂ. ರಾತ್ರಿ ಅರಳಿ, ಬಾವಲಿಯಿಂದ ಪರಾಗಸ್ಪರ್ಶವಾಗಿ, ಬೆಳಗಾಗುವಷ್ಟರಲ್ಲಿ ಉದುರಿರುತ್ತದೆ. ಅದನ್ನು ತಿನ್ನಲು ಜಿಂಕೆಯಂಥ ಇಂಪಾಲ, ಪುಕು, ಬುಷ್‌ಬಕ್ ಬರುತ್ತವೆ. ಅವು ಬರುತ್ತವೆ ಅಂತ ಚಿರತೆಗೂ ಗೊತ್ತು. ಚಿರತೆ ಬೇಕಿದ್ದರೆ ಗೈಡ್‌ಗೆ 'ಚಿರತೆ ತೋರಿಸಿ' ಅನ್ನಬೇಡಿ, 'ಹೂ ಉದುರುತ್ತಿರುವ ಸಾಸೇಜ್ ಮರ ಎಲ್ಲೆಲ್ಲಿದೆ' ಅಂತ ಕೇಳಿ. ಎರಡು ಮರ ಗೊತ್ತಿದ್ದರೆ ಸಾಕು, ಬೆಳಗಿನ ಮೊದಲ ಅರ್ಧ ಗಂಟೆ ಅಲ್ಲೇ ಕಳೆಯಬಹುದು.

ಸೆಪ್ಟೆಂಬರ್, ಅಕ್ಟೋಬರ್‌ಗೆ ವಿಂಟರ್‌ಥಾರ್ನ್ ಮರದ ಕಾಯಿ ಬೀಳುತ್ತದೆ. ಈ ಮರದ್ದು ಎಲ್ಲ ತಿರುಗುಮುರುಗು: ಮಳೆಗಾಲದಲ್ಲಿ ಎಲೆ ಉದುರಿಸಿ ಒಣಗಾಲದಲ್ಲಿ ಹಸಿರಾಗಿರುತ್ತದೆ. ಕಿತ್ತಳೆ ಬಣ್ಣದ, ಸುರುಳಿ ಸುತ್ತಿದ ಕಾಯಿ. ಆನೆ ಮರಕ್ಕೆ ಹಣೆ ಕೊಟ್ಟು ಅಲುಗಾಡಿಸುತ್ತದೆ, ಬಬೂನ್‌ಗಳು ಕೆಳಗೆ ಆಯುತ್ತವೆ. ಹೊಳೆದಂಡೆಯಲ್ಲಿ ಓರೆ ಬೆಳಕು, ಧೂಳು, ಆನೆ, ಮೂರೂ ಒಟ್ಟಿಗೆ ಸಿಗುವುದು ಆವಾಗಲೇ.

ಬಿರುಬಿಸಿಲು
ಹಾಗಾದರೆ ಅಕ್ಟೋಬರ್ ಅಂತ ನೇರವಾಗಿ ಹೇಳಿಬಿಡಿ ಸರ್. ಹೊಳೆ ಸಣ್ಣ ಕಾಲುವೆಯಾಗಿರುತ್ತದೆ, ಉಳಿದ ಗುಂಡಿಗಳಲ್ಲಿ ಹಿಪ್ಪೋಗಳು ಮೈಗೆ ಮೈ ತಾಗಿಸಿ ಕೆಸರಲ್ಲಿ ನಿಂತಿರುತ್ತವೆ. ಬತ್ತುವ ಲಗೂನ್‌ನಲ್ಲಿ ಮೀನು ಸಿಕ್ಕಿಕೊಂಡು ಹೆಜ್ಜಾರ್ಲೆ, ಹಳದಿ ಕೊಕ್ಕಿನ ಕೊಕ್ಕರೆ, ಮರಾಬು ಕೊಕ್ಕರೆ, ಮೀನುಹದ್ದು, ಮೊಸಳೆ ಎಲ್ಲಾ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತವೆ. ಕಬಿನಿ ಹಿನ್ನೀರು ಇಳಿದಾಗ ಆನೆ ಸೇರುವುದನ್ನು ನೋಡಿದವರಿಗೆ ತರ್ಕ ಬೇಗ ಅರ್ಥವಾಗುತ್ತದೆ. ಆರೇ ರಾತ್ರಿ ಇರುವವರು ಪ್ರಾಣಿ ಚದುರಿದ ತಿಂಗಳಲ್ಲಿ ಯಾಕೆ ಹೋಗಬೇಕು?

ಮೋಪಾನೆ
ಕಾಣುವುದಕ್ಕೆ ಅಕ್ಟೋಬರ್ ಸರಿ. ತೆಗೆಯುವುದಕ್ಕೆ ಅನುಮಾನ. 40 ಡಿಗ್ರಿ ದಾಟುವ ತಿಂಗಳದು. ಬೆಳಗ್ಗೆ ಐದೂವರೆಗೆಲ್ಲ ಸೂರ್ಯ ಹುಟ್ಟಿ, ಎಂಟೂವರೆಗೆ ಬೆಳಕು ಬೆಳ್ಳಗಾಗಿ, ಒಂಬತ್ತೂವರೆಯ ಹೊತ್ತಿಗೆ ನೆಲದ ಕಾವು ಏಳುತ್ತದೆ. ಆಮೇಲೆ ಮರಳಿನ ಮೇಲೆ 80 ಮೀಟರ್ ದೂರದಲ್ಲಿ ಕೂತ ಸಿಂಹವನ್ನು 600ರಲ್ಲಿ ತೆಗೆದರೆ ಕ್ಯಾಮೆರಾ ಫೋಕಸ್ ಆಯಿತು ಅಂತ ಹಸಿರು ಚೌಕ ತೋರಿಸುತ್ತದೆ, ಮನೆಗೆ ಬಂದು ನೋಡಿದರೆ ಕಣ್ಣು ಇರುವ ಜಾಗದಲ್ಲಿ ಗಂಜಿ. ಲೆನ್ಸ್ ಕೆಟ್ಟಿದೆ ಅಂತ ಸರ್ವಿಸ್ ಸೆಂಟರಿಗೆ ಓಡುತ್ತಾರೆ. ಕೆಟ್ಟಿದ್ದು ಲೆನ್ಸ್ ಅಲ್ಲ, ನಡುವಿನ ಗಾಳಿ. ಶಟರ್ ಎಷ್ಟು ಏರಿಸಿದರೂ ಸರಿಹೋಗಲ್ಲ. ಇರುವ ದಾರಿ ಎರಡೇ: 30 ಮೀಟರ್ ಒಳಗಿದ್ದರೆ ಮಾತ್ರ ತೆಗೆಯಿರಿ, ಇಲ್ಲವೇ ನೆರಳಿನ ಎಬನಿ ತೋಪಿಗೆ ಹೋಗಿ. ಬಿಸಿ ಬಾನೆಟ್ ಮೇಲಿಂದ ಹಾಯುವ ಹಾಗೆ ಲೆನ್ಸ್ ಹಿಡಿಯಬೇಡಿ, ಅಲ್ಲೂ ಇದೇ ಕಾವು.

ಜೊತೆಗೆ ಹೊಗೆ. ಒಣಗಾಲದ ಕೊನೆಯಲ್ಲಿ ಸುತ್ತೆಲ್ಲ ಹುಲ್ಲು ಸುಡುತ್ತಾರೆ, ದಿಗಂತ ಬೂದಿ ಬಣ್ಣ. ದೂರದ ದೃಶ್ಯಕ್ಕೆ ಕಾಂಟ್ರಾಸ್ಟೇ ಇರಲ್ಲ.

ಬಿರುಬಿಸಿಲು
ಅದೇ ಹೊಗೆಯಿಂದ ಸಂಜೆ ಸೂರ್ಯ ಕುಂಕುಮದ ಉಂಡೆಯಾಗುತ್ತಾನೆ, ಅದನ್ನೂ ಹೇಳಿ. ದಂಡೆಯ ಮೇಲೆ ಜಿರಾಫೆ ನಿಂತಿದ್ದರೆ ಜೀಪು ತಗ್ಗಿನಲ್ಲಿ ನಿಲ್ಲಿಸಲು ಹೇಳಿ, 600ರಲ್ಲಿ ಅದನ್ನು ಸೂರ್ಯನ ಮುಂದೆ ತನ್ನಿ. ಮೀಟರಿಂಗ್ ಸ್ಪಾಟ್, ಸೂರ್ಯನ ಪಕ್ಕದ ಆಕಾಶಕ್ಕೆ. ಸೂರ್ಯನ ಮೇಲೇ ಇಟ್ಟರೆ ಉಳಿದದ್ದು ಕಪ್ಪು ಗೋಡೆ. ಅಲ್ಲಿನ ಥಾರ್ನಿಕ್ರಾಫ್ಟ್ ಜಿರಾಫೆ ಲುವಾಂಗ್ವಾ ಕಣಿವೆ ಬಿಟ್ಟರೆ ಬೇರೆ ಕಾಡಿನಲ್ಲಿ ಇಲ್ಲ, ಕುಕ್ಸನ್ ವಿಲ್ಡೆಬೀಸ್ಟ್ ಕೂಡ. ಇವನ್ನು ಬಿಟ್ಟು ಎಲ್ಲರೂ ಸಿಂಹದ ಹಿಂದೆ ಓಡುತ್ತಾರೆ.

ಮತ್ತೆ, ಚೀತಾ ಮತ್ತು ಘೇಂಡಾಮೃಗ ಪಟ್ಟಿಯಲ್ಲಿದ್ದರೆ ಹೊಡೆದುಹಾಕಿ. ಸೌತ್ ಲುವಾಂಗ್ವಾದಲ್ಲಿ ಎರಡೂ ಇಲ್ಲ. ಕಳ್ಳಬೇಟೆಯಲ್ಲಿ ಅಳಿದ ಕಪ್ಪು ಘೇಂಡಾಮೃಗವನ್ನು 2003ರಿಂದ ಮತ್ತೆ ತಂದು ಬಿಟ್ಟಿದ್ದು ನಾರ್ತ್ ಲುವಾಂಗ್ವಾದಲ್ಲಿ.

ಗೀಜಗ
ಕಳ್ಳಿಪೀರದ ಪ್ರಶ್ನೆಗೆ ಬರುತ್ತೇನೆ, ಅದಕ್ಕೆ ತಿಂಗಳ ಗೊಂದಲವೇ ಇಲ್ಲ. ಆಗಸ್ಟ್ ಕೊನೆಯಲ್ಲಿ ಬಂದು ನವೆಂಬರಿನಲ್ಲಿ ಹೊರಡುತ್ತವೆ. ಹೊಳೆ ಇಳಿದಾಗ ತೆರೆದುಕೊಳ್ಳುವ ಕಡಿದಾದ ಮರಳುದಂಡೆಯಲ್ಲಿ ಒಂದು ಮೀಟರಿಗೂ ಆಳದ ಬಿಲ ಕೊರೆದು, ನೂರಾರು ಜೋಡಿ ಒಟ್ಟಿಗೆ ಗೂಡು ಮಾಡುತ್ತವೆ. ಬಿಲ ತೋಡುವ ಗಲಾಟೆ ಬೇಕಿದ್ದರೆ ಸೆಪ್ಟೆಂಬರ್. ಮರಿಗೆ ಕೀಟ ತರುವುದು ಬೇಕಿದ್ದರೆ ಅಕ್ಟೋಬರ್.

ಎಲ್ಲರ ಫೋಟೊ ಹಾಳಾಗುವುದು ಶಟರ್‌ನಿಂದ ಅಲ್ಲ, ಕೆಂಪಿನಿಂದ. ಈ ಹಕ್ಕಿಯ ಕೆಂಪು ಎಷ್ಟು ಗಾಢ ಅಂದರೆ ಸಾಮಾನ್ಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿ ಕಂಡರೂ ಕೆಂಪು ಚಾನೆಲ್ ಒಂದೇ ಬಲಗೋಡೆಗೆ ಬಡಿದಿರುತ್ತದೆ. ಎದೆಯ ಗರಿಯ ವಿವರ ಹೋಗಿ ಕೆಂಪು ಪ್ಲಾಸ್ಟಿಕ್ ಥರ ಕಾಣುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪನ್ನು ಮಾತ್ರ ನೋಡುತ್ತಾ ಎಕ್ಸ್‌ಪೋಶರ್ ಇಳಿಸಿ. ನೇರ ಬಿಸಿಲಿನಲ್ಲಿ ಮೈನಸ್ 0.7ರಿಂದ 1 ಸ್ಟಾಪ್ ಬೇಕಾಗುತ್ತದೆ. ಪಿಕ್ಚರ್ ಪ್ರೊಫೈಲ್ ವಿವಿಡ್ ಇದ್ದರೆ ತೆಗೆದು ನ್ಯೂಟ್ರಲ್‌ಗೆ ಹಾಕಿ, ಇಲ್ಲದಿದ್ದರೆ ಹಿಸ್ಟೋಗ್ರಾಮೇ ಸುಳ್ಳು ಹೇಳುತ್ತದೆ. ಕಡತ ರಾ ಆಗಿರಲಿ.

ಶಟರ್ 1/3200, ಗಾಳಿ ಜೋರಿದ್ದರೆ 1/4000. ಎಫ್ 6.3, ಐಎಸ್‌ಒ ಆಟೊ. ಗಾಳಿಯ ದಿಕ್ಕು ನೋಡಿಯೇ ಕೂರಬೇಕು. ಹಕ್ಕಿ ಗಾಳಿಗೆ ಎದುರಾಗಿ ಇಳಿಯುತ್ತದೆ. ಗಾಳಿ ದಂಡೆಯ ಮೇಲಿಂದ ಹೊಳೆ ಕಡೆ ಬೀಸುತ್ತಿದ್ದರೆ, ದೋಣಿಯಲ್ಲಿರುವ ನಿಮಗೆ ಬೆನ್ನು, ಬಾಲವೇ ಸಿಗುವುದು. ದಂಡೆಗುಂಟ ಬೀಸುತ್ತಿದ್ದರೆ ಪಕ್ಕದ ನೋಟ: ರೆಕ್ಕೆ ಪೂರ್ತಿ ಬಿಚ್ಚಿ ಬಿಲದ ಬಾಯಿಯಲ್ಲಿ ಅರೆಕ್ಷಣ ನಿಲ್ಲುತ್ತದೆ. ಗಾಳಿ ಕೈಕೊಟ್ಟ ದಿನ ಬರುವ ಹಕ್ಕಿಯನ್ನು ಬಿಟ್ಟು ಬಿಲದಿಂದ ಹೊರಡುವ ಹಕ್ಕಿಗೆ ಕಾಯಿರಿ, ಮುಖ ನಿಮ್ಮ ಕಡೆಗೇ ಇರುತ್ತದೆ. ಒಂದು ಬಿಲಕ್ಕೆ ಫೋಕಸ್ ಕಟ್ಟಿ, ಪ್ರೀ-ಕ್ಯಾಪ್ಚರ್ (ಬಟನ್ ಒತ್ತುವ ಮುಂಚಿನ ಚಿತ್ರಗಳನ್ನೂ ಉಳಿಸುವ ಸೌಲಭ್ಯ) ಇರುವ ಬಾಡಿಯಾದರೆ ಅರ್ಧ ಸೆಕೆಂಡ್ ಇಟ್ಟು, ಹಕ್ಕಿ ಹಾರಿದ ಮೇಲೆ ಒತ್ತಿ.

ಲಾಡ್ಜ್‌ಗೆ ಬರೆದು ಕೇಳಬೇಕಾದ್ದು: ಈ ವರ್ಷ ದಂಡೆ ಎಲ್ಲಿ, ಯಾವ ದಿಕ್ಕಿಗೆ ಮುಖ? ಪ್ರತಿ ಮಳೆಗಾಲವೂ ಹೊಳೆ ದಂಡೆ ಕೊರೆಯುವುದರಿಂದ ಗೂಡಿನ ಜಾಗ ಬದಲಾಗುತ್ತದೆ. ಹೋದ ವರ್ಷದ ಫೋಟೊ ನೋಡಿ ಬುಕ್ ಮಾಡಬೇಡಿ. ಪೂರ್ವಕ್ಕೆ ಮುಖ ಮಾಡಿದ ದಂಡೆಗೆ ಬೆಳಗ್ಗೆ, ಪಶ್ಚಿಮಕ್ಕಿದ್ದರೆ ಸಂಜೆ.

ದಂಡೆಯ ಅಂಚಿಗೆ ನಡೆದು ಹೋಗಿ ಬಗ್ಗಿ ನೋಡುವುದು ಮಾತ್ರ ಬೇಡವೇ ಬೇಡ. ಮರಳು ಕುಸಿದರೆ ಬಿಲಗಳೂ ಹೋಗುತ್ತವೆ, ನೀವೂ ಹೋಗುತ್ತೀರಿ, ಕೆಳಗೆ ಮೊಸಳೆ ಇದೆ. ಗುಂಪು ಹಾರಿ ಎರಡು ನಿಮಿಷವಾದರೂ ಮರಳದಿದ್ದರೆ ನೀವು ಹತ್ತಿರ ಬಂದಿದ್ದೀರಿ ಅಂತಲೇ ಅರ್ಥ. ದೋಣಿ ಹಿಂದಕ್ಕೆ ಹಾಕಿಸಿ. ಆದರೆ ಒಮ್ಮೆಲೇ ಎಲ್ಲ ಎದ್ದರೆ ಮೊದಲು ಮೇಲೆ ನೋಡಿ, ಮೀನುಹದ್ದು ಬಂದಿರಬಹುದು.

ಕಡಲತಡಿ
'ನೀವೂ ಹೋಗುತ್ತೀರಿ' ಅಂತ ಎಷ್ಟು ಸಲೀಸಾಗಿ ಬರೆದಿರಿ ಮಾರಾಯ್ರೇ!

ಎರೆಹೊಲ
ಎಲ್ಲಾರೂ ಒಣಗಾಲದ್ದ ಮಾತಾಡಾಕತ್ತೀರಿ. ಕೆರೆಕೋಡಿಯವರು ಕಾಡನಾಯಿನೂ ಬೇಕು ಅಂದಾರಲ್ರೀ, ಮಳಿಗಾಲದ್ದೂ ಹೇಳೂಣು.

ಅಲ್ಲಿ ಹೊಳಿ ಸುತ್ತಿನ ನೆಲ ಬಹಳಷ್ಟು ಎರಿ ಮಣ್ಣು. ಅದು ಹಸಿ ಆದ್ರ ಏನಾಗ್ತದ ಅಂತ ವಿಜಾಪುರ, ಗದಗ ಕಡೀ ಮಂದಿಗೆ ಹೇಳಬೇಕಾಗಿಲ್ಲ. ನಾಕು ಚಕ್ರಕ್ಕ ಪವರ್ ಇದ್ರೂ ಜೀಪು ಹೊಟ್ಟಿಮಟ ಕೂಡ್ತದ. ಅದಕ್ಕ ದೂರದ ಬುಷ್ ಕ್ಯಾಂಪುಗಳು ಡಿಸೆಂಬರಿನಿಂದ ಮೇ ತನಕ ಬಾಗಲಾ ಹಾಕ್ತಾವ. ಮ್ಫುವೆ ಗೇಟಿನ ಹತ್ತರದ ಲಾಡ್ಜು, ಖಡಿ ಹಾಕಿದ ರಸ್ತೆ ಇರೋ ಭಾಗ ಅಷ್ಟ ಉಳೀತದ. ಬುಕ್ ಮಾಡೂ ಮುಂದ 'ಫೆಬ್ರವರಿಯೊಳಗ ಎಷ್ಟು ಕಿಲೋಮೀಟರ್ ರಸ್ತೆ ಓಡಸ್ತೀರಿ, ದೋಣಿ ಐತೇನು' ಅಂತ ಕೇಳ್ರಿ. ಹೊಳಿ ತುಂಬಿದಾಗ ಎಬನಿ ತೋಪಿನೊಳಗ ದೋಣಿ ಒಯ್ತಾರ, ಮರದ ಬುಡಕ್ಕ ನೀರು. ಅದು ಒಣಗಾಲದಾಗ ಎಷ್ಟ ರೊಕ್ಕಾ ಕೊಟ್ರೂ ಸಿಗೂದಿಲ್ಲ.

ಕಾಡನಾಯಿಗೆ ಜನವರಿಯಿಂದ ಮೇ ಚಲೋ. ಜೂನ್ ಹೊತ್ತಿಗೆ ಮರಿ ಹಾಕಾಕ ಬಿಲಾ ಹಿಡೀತಾವ, ಬಿಲದ ಹತ್ತರ ಗಾಡಿ ಒಯ್ಯೂದು ಸಲ್ಲ. ಮಳಿಯೊಳಗ ಹುಲ್ಲು ಆಳೆತ್ತರ ಮತ್ತ ತೊಯ್ದಿರ್ತದ, ಹಿಂಗಾಗಿ ನಾಯಿ, ಸಿಂಹ ರಸ್ತೇಕ್ಕ ಬಂದು ಕೂಡ್ತಾವ. ಕಾಣೂದು ಕಮ್ಮಿ, ಕಂಡ್ರ ಖುಲ್ಲಾ ಕಾಣ್ತಾವ.

ಹಳದಿ ಕೊಕ್ಕಿನ ಕೊಕ್ಕರಿ ಗೂಡು ಮಾರ್ಚ್–ಏಪ್ರಿಲ್‌ಗೆ ನ್ಸೆಫು ಭಾಗದಾಗ. ಕೊಕ್ಕರೆ ಬೆಳ್ಳೂರಿನ ಬಣ್ಣದ ಕೊಕ್ಕರಿ ಐತೆಲ್ಲ, ಅದರ ಕುಲದ್ದ. ನಡುಮಟ ನೀರಾಗ ನಿಂತ ಮರಾ, ತುಂಬ ಗೂಡು.

ಫೋಟೊದ ಲೆಕ್ಕ: ಮೋಡದ ಬೆಳಕು ದಿನಾಪೂರ್ತಿ ಮೆತ್ತಗ, ಮಧ್ಯಾಹ್ನಾನೂ ತೆಗೀಬಹುದು. ಖರೇ ಹಸರು ಹುಲ್ಲಿನ ಬಣ್ಣ ಇಂಪಾಲದ ಹೊಟ್ಟಿ ಮ್ಯಾಲ ಬೀಳ್ತದ, ಟಿಂಟ್ ಮಜೆಂಟಾ ಕಡೆ ಸ್ವಲ್ಪ ಸರಸ್ರಿ. ಮಳಿ ಹನಿ ಗೆರಿ ಕಾಣಬೇಕಂದ್ರ 1/60 ಇಡ್ರಿ, ಹಿಂದ ಕಪ್ಪು ಕಾಡು ಇರಲಿ, ಆಕಾಶ ಇದ್ರ ಹನಿ ಕಾಣೂದಿಲ್ಲ. ಎಸಿ ರೂಮಿನಾಗ ಕ್ಯಾಮೆರಾ ಇಟ್ಟು ಹೊರಗ ತಂದ್ರಿ ಅಂದ್ರ ಲೆನ್ಸಿಗೆ ಮಂಜು ಹಿಡೀತದ. ಎಸಿ ಇಲ್ಲದ ಕಟ್ಟಿ ಮ್ಯಾಲ ಬ್ಯಾಗಿನಾಗ ಇಡ್ರಿ.

ಕೆರೆಕೋಡಿ
ಎರೆಹೊಲ ಅವರೇ, ಫೆಬ್ರವರಿ ಆಸೆ ಹುಟ್ಟಿಸಿದಿರಿ. ಆದರೆ ಕಳ್ಳಿಪೀರ ಬಿಡಕ್ಕಾಗಲ್ಲ. ಸೆಪ್ಟೆಂಬರ್ ಎರಡನೇ ವಾರ ಅಂತ ಇಟ್ಟುಕೊಳ್ಳುತ್ತೇನೆ. ರಾತ್ರಿ ಸಫಾರಿ ಇದೆಯಲ್ಲ, ಅದಕ್ಕೆ 200–600 ಸಾಕಾ?

ಐಎಸ್‌ಒ 12800
ಸಾಕಾಗಲ್ಲ. ಲೆಕ್ಕ ನೋಡಿ. ಸ್ಪಾಟ್‌ಲೈಟ್‌ನಲ್ಲಿ 15–20 ಮೀಟರ್ ದೂರದ ಚಿರತೆಗೆ ಎಫ್ 2.8, 1/160, ಐಎಸ್‌ಒ 6400 ಹತ್ತಿರ ಬರುತ್ತದೆ. ಅದೇ ಚೌಕಟ್ಟಿಗೆ ಎಫ್ 6.3 ಅಂದರೆ ಐಎಸ್‌ಒ 32000. 70–200 ಎಫ್ 2.8 ಬಾಡಿಗೆಗೆ ತಗೊಳ್ಳಿ. ಎರಡನೇ ಬಾಡಿಯೂ ಸಿಕ್ಕರೆ ಧೂಳಿನಲ್ಲಿ ಲೆನ್ಸ್ ಬದಲಿಸುವ ಕಷ್ಟವೇ ತಪ್ಪುತ್ತದೆ.

ಕಬಿನಿಯಲ್ಲಿ ಕತ್ತಲಾಗುವ ಮುಂಚೆ ಹೊರಗೆ ಬರಬೇಕು, ಇಲ್ಲಿ ಕತ್ತಲಾದ ಮೇಲೇ ಎರಡನೇ ಅಧ್ಯಾಯ. ಸೆಪ್ಟೆಂಬರಿನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ರಾತ್ರಿ 8ರ ಹೊತ್ತಿಗೆ ಮುಗಿಸಬೇಕು, ಅಂದರೆ ಸಿಗುವುದು ಎರಡು ಗಂಟೆ. ಈ ಎರಡು ಗಂಟೆಯ ಅತ್ಯುತ್ತಮ ಇಪ್ಪತ್ತು ನಿಮಿಷವನ್ನು ಎಲ್ಲರೂ ಜಿನ್–ಟಾನಿಕ್‌ಗೆ ಕೊಡುತ್ತಾರೆ. ಸನ್‌ಡೌನರ್ ಅಂತ ಹೊಳೆದಂಡೆಯಲ್ಲಿ ಜೀಪು ನಿಲ್ಲಿಸಿ ಕುರುಕಲು ತಿನ್ನುವ ಪದ್ಧತಿ. ಚಿರತೆ ಮರದಿಂದಿಳಿದು ಮೈ ಮುರಿದು ನಡೆಯಲು ಶುರುಮಾಡುವುದು ಅದೇ ಹೊತ್ತಿಗೆ, ಆಕಾಶದಲ್ಲಿ ಇನ್ನೂ ನೀಲಿ ಇರುವಾಗ. ಜೀಪಿನ ಉಳಿದವರು ಒಪ್ಪಿದರೆ ಎರಡು ದಿನವಾದರೂ ಅದನ್ನು ಬಿಡಿಸಿ. ಒಪ್ಪದಿದ್ದರೆ ಜಗಳ ಬೇಡ, ಅವರೂ ದುಡ್ಡು ಕೊಟ್ಟಿದ್ದಾರೆ.

ದೀಪ ಹಿಡಿಯುವುದು ಸ್ಪಾಟರ್, ನೀವಲ್ಲ. ಅವರ ಹತ್ತಿರ ಮಾತಾಡಿಕೊಂಡರೆ ಅರ್ಧ ಕೆಲಸ ಆದಂತೆ. ಕಿರಣದ ನಡುಭಾಗ ಮುಖಕ್ಕೆ ಬಿದ್ದರೆ ಹಣೆ ಬೆಳ್ಳಗೆ, ಕಣ್ಣಲ್ಲಿ ಹಸಿರು ಬಲ್ಬು. ಕಿರಣದ ಅಂಚು ಮಾತ್ರ ಮೈಗೆ ತಾಗುವ ಹಾಗೆ ಸ್ವಲ್ಪ ಮುಂದಕ್ಕೆ, ನೆಲಕ್ಕೆ ಹಿಡಿಯಲು ಕೇಳಿ. ದೀಪ ನಿಮ್ಮ ಲೆನ್ಸಿನ ಪಕ್ಕದಲ್ಲೇ ಇದ್ದರೆ ಸೆಪ್ಟೆಂಬರಿನ ಧೂಳೆಲ್ಲ ಹೊಳೆದು ಹಿಮ ಬಿದ್ದ ಹಾಗೆ ಕಾಣುತ್ತದೆ, ಅದಕ್ಕೇ ಸ್ಪಾಟರ್‌ಗಿಂತ ದೂರದ ಸೀಟು ಒಳ್ಳೆಯದು. ಕ್ಯಾಮೆರಾ ಮ್ಯಾನುಯಲ್, ಹೈಲೈಟ್ ಮಿನುಗಿದರೆ ಐಎಸ್‌ಒ ಇಳಿಸಿ. ಆಟೊ ಮೀಟರ್ ಸುತ್ತಲ ಕಪ್ಪು ನೋಡಿ ಎರಡು ಸ್ಟಾಪ್ ಹೆಚ್ಚು ಕೊಡುತ್ತದೆ. ಹ್ಯಾಲೊಜನ್ ದೀಪವಾದರೆ ವೈಟ್ ಬ್ಯಾಲೆನ್ಸ್ 3200, ಎಲ್‌ಇಡಿಗೆ 5000ದ ಆಸುಪಾಸು. ಫ್ಲ್ಯಾಶ್ ಬ್ಯಾಗಿನಲ್ಲೇ ಇರಲಿ, ಅಲ್ಲ, ಮನೆಯಲ್ಲೇ ಇರಲಿ.

ಒಂದು ನಿಯಮ ಗೈಡ್ ಹೇಳುವ ಮುಂಚೆಯೇ ತಿಳಿದಿರಬೇಕು. ಇಂಪಾಲ, ಪುಕು ಮೇಲೆ ದೀಪ ಹಿಡಿಸಬಾರದು. ಅವಕ್ಕೆ ಕಣ್ಣು ಕತ್ತಲೆಗಟ್ಟಿ ಕೆಲಕಾಲ ಏನೂ ಕಾಣಲ್ಲ, ಪಕ್ಕದಲ್ಲೇ ಹೊಂಚಿರುವ ಚಿರತೆಗೆ ನೀವೇ ಬಡಿಸಿಕೊಟ್ಟ ಹಾಗೆ. ಚಿರತೆ ಬೇಟೆಗೆ ಕೂತಿದ್ದರೆ ದೀಪ ಪೂರ್ತಿ ಆಫ್. ಕತ್ತಲಲ್ಲಿ ಕೂತು ಕಿವಿಗೊಟ್ಟು ಕೇಳಿ, ಫೋಟೊ ಹೋದರೆ ಹೋಗಲಿ.

ಬಿರುಬಿಸಿಲು
ಕೆಂಪು ಫಿಲ್ಟರ್ ಹಾಕಿದರೆ?

ಐಎಸ್‌ಒ 12800
ಪ್ರಾಣಿಗೆ ಒಳ್ಳೆಯದು, ಫೋಟೊಗೆ ಕಪ್ಪು-ಬಿಳುಪು ಒಂದೇ ಗತಿ. ಕೆಂಪು ಚಾನೆಲ್ ಬಿಟ್ಟು ಬೇರೆಯದರಲ್ಲಿ ಮಾಹಿತಿಯೇ ಇರಲ್ಲ. ಪುನುಗುಬೆಕ್ಕು, ಅದೇ ಥರದ ಜೆನೆಟ್, ಮುಳ್ಳುಹಂದಿ ಹೀಗೆ ಸಣ್ಣವನ್ನು ನೋಡಲು ಚೆನ್ನ.

ಕಡಲತಡಿ
ನಡೆದು ಹೋಗುವ ಸಫಾರಿ ಇದೆಯಲ್ಲ, ಅದರ ಬಗ್ಗೆ ಯಾರೂ ಹೇಳಲೇ ಇಲ್ಲ. ಅದಕ್ಕೆ ಕ್ಯಾಮೆರಾ ತಕೊಂಡು ಹೋಗ್ಲಿಕ್ಕೆ ಬಿಡ್ತಾರಾ? ಮತ್ತೆ ಬೀನ್‌ಬ್ಯಾಗ್ ಇಲ್ಲಿಂದಲೇ ತುಂಬಿಸಿ ಒಯ್ಯಬೇಕಾ?

ಮೋಪಾನೆ
ಬಿಡುತ್ತಾರೆ. ಕಾಲ್ನಡಿಗೆ ಸಫಾರಿ ಬೆಳೆದದ್ದೇ ಈ ಕಣಿವೆಯಲ್ಲಿ, 1950ರಲ್ಲಿ ನಾರ್ಮನ್ ಕಾರ್ ಅಲ್ಲಿನ ಮುಖ್ಯಸ್ಥ ನ್ಸೆಫು ಜೊತೆ ಸೇರಿ ಪ್ರವಾಸಿಗಳಿಗೆ ಕ್ಯಾಂಪ್ ತೆರೆದಾಗಿನಿಂದ. ಮುಂದೆ ಬಂದೂಕು ಹಿಡಿದ ಸ್ಕೌಟ್, ಹಿಂದೆ ಗೈಡ್, ಅವರ ಹಿಂದೆ ನೀವು ಸಾಲಾಗಿ. ಹುಲ್ಲು ತಗ್ಗಿದ ಮೇಲೆ, ಜೂನ್‌ನಿಂದ ಅಕ್ಟೋಬರ್‌ವರೆಗೆ. ಸಾಮಾನ್ಯವಾಗಿ 12 ವರ್ಷಕ್ಕಿಂತ ಚಿಕ್ಕವರನ್ನು ಕರೆದೊಯ್ಯಲ್ಲ.

ಒಂದು ಬಾಡಿ, ಒಂದು ಲೆನ್ಸ್. 100–400 ಇದ್ದರೆ ಸರಿ, 200–600 ಹೊತ್ತು ಮೂರು ಗಂಟೆ ನಡೆದರೆ ಭುಜ ಕೇಳಲ್ಲ. ಟ್ರೈಪಾಡ್ ಬೇಡ. ಶಟರ್ ಸೈಲೆಂಟ್. ಆನೆ ಕಂಡಾಗ ಗುಂಪು ಬಿಟ್ಟು ಪಕ್ಕಕ್ಕೆ ಸರಿದು ಕೋನ ಹುಡುಕುವವರು ಇರುತ್ತಾರೆ, ಅಪಾಯ ಶುರುವಾಗುವುದು ಅಲ್ಲಿಂದಲೇ. ಒಟ್ಟಿಗೆ ನಿಂತರೆ ಆನೆಗೆ ಅದು ಒಂದೇ ಆಕಾರ, ಚದುರಿದರೆ ಎಂಟು ಮನುಷ್ಯರು. ಗೈಡ್ 'ಕೂರಿ' ಅಂದಾಗ ಮಾತ್ರ ಕೂರಿ. ಆಗ ಸಿಗುವ ನೆಲಮಟ್ಟದ ಕೋನ ಜೀಪಿನಿಂದ ಜನ್ಮಕ್ಕೂ ಸಿಗಲ್ಲ. ದೊಡ್ಡ ಪ್ರಾಣಿ ಸಿಗದ ದಿನ ಹೆಜ್ಜೆಗುರುತು, ಹುತ್ತ, ಹಿಪ್ಪೋ ದಾರಿ ತೆಗೆಯಿರಿ, 24–105 ಅದಕ್ಕೇ ಇರುವುದು.

ಬಟ್ಟೆ ಕಾಕಿ, ಮಣ್ಣಿನ ಬಣ್ಣ. ನೀಲಿ, ಕಪ್ಪು ಬೇಡ, ತ್ಸೆತ್ಸೆ ನೊಣ ಈ ಎರಡಕ್ಕೇ ಮುತ್ತುತ್ತದೆ. ಮೋಪಾನೆ ಮರದ ಕಾಡು ದಾಟುವಾಗ ಜಾಸ್ತಿ. ಜೀನ್ಸಿನ ಮೇಲಿಂದಲೂ ಕಚ್ಚುತ್ತದೆ. ಕ್ಯಾಮೆರಾ ಬ್ಯಾಗ್ ಸಾಮಾನ್ಯವಾಗಿ ಕಪ್ಪೇ ಇರುವುದರಿಂದ ಮೇಲೊಂದು ಕಾಕಿ ಪಂಚೆ ಹೊದಿಸಿ. ಅದೇ ಪಂಚೆ ಧೂಳಿಗೂ ಆಗುತ್ತದೆ, ಲೆನ್ಸ್ ಬದಲಿಸಲೇಬೇಕಾದರೆ ಅದರೊಳಗೇ ಬದಲಿಸಿ. ಗಾಜಿನ ಮೇಲಿನ ಧೂಳು ಮೊದಲು ಬ್ಲೋವರ್‌ನಿಂದ ಊದಿ, ಆಮೇಲೆ ಬ್ರಷ್. ನೇರ ಬಟ್ಟೆ ಹಾಕಿ ಉಜ್ಜಿದರೆ ಮರಳುಕಾಗದ ಹಾಕಿ ಉಜ್ಜಿದಂತೆ.

ಗೀಜಗ
ಬೀನ್‌ಬ್ಯಾಗ್ ಖಾಲಿ ಒಯ್ಯಿರಿ. ಮ್ಫುವೆಗೆ ಹೋಗುವುದು ಸಣ್ಣ ವಿಮಾನ, ತೂಕ ಬಿಗಿ, ಗಟ್ಟಿ ಸೂಟ್‌ಕೇಸಿಗಿಂತ ಮೆತ್ತನೆಯ ಚೀಲ ವಾಸಿ. ಕ್ಯಾಮೆರಾ, ಬ್ಯಾಟರಿ ಕೈಚೀಲದಲ್ಲಿ. ಲಾಡ್ಜ್‌ಗೆ ಒಂದು ವಾರ ಮುಂಚೆ ಬರೆದು ಮೂರು ಕೆ.ಜಿ. ಒಣ ಹುರುಳಿಯೋ ಬೀನ್ಸೋ ಎತ್ತಿಡಲು ಹೇಳಿ. ಮರಳು ತುಂಬಬೇಡಿ, ಹೊಲಿಗೆಯಿಂದ ಸೋರಿ ಜೂಮ್ ರಿಂಗ್ ಕರಕರ ಅನ್ನುತ್ತದೆ.

ಅಲ್ಲಿನ ಜೀಪಿಗೆ ಬಾಗಿಲು, ಕಿಟಕಿ ಇರಲ್ಲ, ಮುಂದಿನ ಸೀಟಿನ ಹಿಂದೆ ಒಂದು ಕಬ್ಬಿಣದ ಕಂಬಿ ಅಷ್ಟೇ. ಚೌಕ ಬ್ಯಾಗ್ ಜಾರಿ ಬೀಳುತ್ತದೆ. ಎರಡೂ ಕಡೆ ಇಳಿಬಿದ್ದು ಜೀನಿನ ಹಾಗೆ ಕೂರುವಂಥದ್ದು ತಗೊಳ್ಳಿ, ಇಲ್ಲವೇ ಮಾನೋಪಾಡ್ ಮೊಣಕಾಲ ನಡುವೆ.

ಚಾರ್ಜಿಂಗ್‌ಗೆ ಇಂಗ್ಲೆಂಡ್ ಮಾದರಿಯ ಮೂರು ಚೌಕ ಪಿನ್ನಿನ ಅಡಾಪ್ಟರ್ ಬೇಕು. ಸಣ್ಣ ಕ್ಯಾಂಪಾದರೆ ಸೋಲಾರ್, ಚಾರ್ಜ್ ಮಾಡುವುದು ಊಟದ ಮನೆಯಲ್ಲಿ ಮಾತ್ರ ಅಂತಿರಬಹುದು, ನಾಲ್ಕು ಬ್ಯಾಟರಿ ಇರಲಿ. ನೈರೋಬಿ ಅಥವಾ ಅಡಿಸ್ ಅಬಾಬಾ ಮೇಲೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಬೇಕಾಗಬಹುದು, ವಿಚಾರಿಸಿ; ಹಾಕಿಸುವುದಾದರೆ ಕನಿಷ್ಠ 10 ದಿನ ಮುಂಚೆ. ಮಲೇರಿಯಾ ಮಾತ್ರೆಗೆ ಡಾಕ್ಟರನ್ನು ಕೇಳಿ.

ಕೆರೆಕೋಡಿ
ಎಲ್ಲರಿಗೂ ಧನ್ಯವಾದ. ಸೆಪ್ಟೆಂಬರ್ ಎರಡನೇ ವಾರವೇ. 70–200 ಬಾಡಿಗೆಗೆ ಕೇಳಿದ್ದೇನೆ. ಕೊನೆಯ ಪ್ರಶ್ನೆ: ಲಾಡ್ಜಿನ ರಿಸೆಪ್ಷನ್ ಒಳಗೇ ಆನೆ ನಡೆದುಹೋಗುವ ವಿಡಿಯೊ ಎಲ್ಲ ಕಡೆ ಓಡಾಡುತ್ತಿದೆಯಲ್ಲ, ಅದು ಸೆಪ್ಟೆಂಬರಿನಲ್ಲಿ ಸಿಗುತ್ತಾ?

ಮೋಪಾನೆ
ಇಲ್ಲ. ಅದು ಮ್ಫುವೆ ಲಾಡ್ಜ್. ಒಳಾಂಗಣದಲ್ಲಿ ಕಾಡುಮಾವಿನ ಮರವಿದೆ, ಆನೆಗಳ ದಾರಿಗೆ ಕಟ್ಟಡ ಅಡ್ಡ ಬಂತು, ಅವು ದಾರಿ ಬದಲಿಸಲಿಲ್ಲ. ಹಣ್ಣು ಬೀಳುವುದು ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ನಡುವೆ. ನೀವು ಹೋದಾಗ ಕಾಯಿ ಎಳೆಯದು.

ಬಿರುಬಿಸಿಲು
ಅದಕ್ಕೇ ನಾನು ಅಕ್ಟೋಬರ್ ಅಂದಿದ್ದು.